ಯಂತ್ರಕ್ಕೆ ಹೇಳದ ಪಟ್ಟು

ಅರವತ್ತರ ಹತ್ತಿರ ಬಂದವರಿಗೆ ಹಲ್ಲು ಕೃತಕ, ಕೂದಲು ಕೃತಕ ಆಗುವುದನ್ನು ಮಹಾಲಿಂಗಪ್ಪ ಮೇಷ್ಟರು ಕಂಡಿದ್ದರು. ಬುದ್ಧಿಯೂ ಕೃತಕವಾಗಿ ಸಿಗುತ್ತದೆ ಎಂಬುದನ್ನು ಪತ್ರಿಕೆಗಳಲ್ಲಿ ಓದಿಯೂ ಇದ್ದರು. ಆದರೆ ಅದು ಯಲಹಂಕ ದಾಟಿ, ಅಟ್ಟೂರಿನ ದಾರಿ ಹಿಡಿದು, ತಾವು ಪಾಠ ಹೇಳುವ ಕಾಲೇಜಿನ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂದು ಎಣಿಸಿರಲಿಲ್ಲ. ಸುದ್ದಿ ಹೇಳಿದವರು ಕಾಲೇಜಿನ ಸೆಕ್ರೆಟರಿ ತ್ರಿವಿಕ್ರಮರಾಯರು.

"ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅಂತ ಮೇಷ್ಟ್ರೇ. ನಮ್ಮ ಲೆಕ್ಚರರ್ ಜಯಾ ಮಾಡ್ತಾಳೆ. ಕಂಪ್ಯೂಟರ್ ಒಳಗೆ ಏನೇನಿದೆ, ಹೇಗ್ ಕೆಲ್ಸ ಮಾಡುತ್ತೆ ಅನ್ನೋ ನಿಮ್ ಪಾಠಾನ ಇನ್ಮೇಲೆ ಕಂಪ್ಯೂಟರೇ ಹುಡುಗ್ರಿಗೆ ಹೇಳ್ಕೊಡುತ್ತೆ. ಸಂಬಳ ಇಲ್ಲ, ರಜಾ ಇಲ್ಲ, ಕಾಫಿ ಇಲ್ಲ."

ಕೊನೆಯ ಮಾತು ಹೇಳುವಾಗ ರಾಯರ ಕಣ್ಣು ಮೇಷ್ಟರ ಕೈಯಲ್ಲಿದ್ದ ಲೋಟದ ಮೇಲಿತ್ತು.

ಆ ಕಾಲೇಜಿನ ಹೆಸರು ನಮಗೆ ಬೇಡ. ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಅದಕ್ಕೆ ಪೂರ್ತಿ ಮಾನ್ಯತೆಯೇ ಇನ್ನೂ ಸಿಕ್ಕಿರಲಿಲ್ಲ. ರಾಯರು ಯಶವಂತಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿ ಮೇಲೆ ಬಂದವರು. ದ್ರಾಕ್ಷಿ ತೋಟವೊಂದರ ಮಗ್ಗುಲಲ್ಲಿ ಖಾಲಿ ಬಿದ್ದಿದ್ದ ಕೋಳಿ ಫಾರಂ ಕೊಂಡು, ಗೋಡೆ ಎಬ್ಬಿಸಿ, ಸುಣ್ಣ ಹೊಡೆಸಿ, ಇಂಜಿನಿಯರಿಂಗ್ ಕಾಲೇಜು ಎಂದು ಬೋರ್ಡು ಹಾಕಿಬಿಟ್ಟಿದ್ದರು. ಜೋರು ಮಳೆ ಬಂದರೆ ಕ್ಲಾಸಿನಲ್ಲಿ ಈಗಲೂ ಕೋಳಿಯ ವಾಸನೆ ಏಳುತ್ತಿತ್ತು. ಅವರ ಲೆಕ್ಕದಲ್ಲಿ ಕಂಪ್ಯೂಟರ್ ಎಂದರೆ ಟಿವಿ ಕಟ್ಟಿದ ಟೈಪ್‌ರೈಟರು. ಅದಕ್ಕೆ ಬುದ್ಧಿಯೂ ಬಂದುಬಿಟ್ಟರೆ ಮೇಷ್ಟರುಗಳ ಕಾಟ ತಪ್ಪೀತು ಎಂಬ ಆಸೆ ಅವರಿಗೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಹಾಲಿಂಗಪ್ಪನವರು ಕುಂದಗೋಳದ ಕಡೆಯವರು. ಸರ್ಕಾರಿ ಕಾಲೇಜಿನಲ್ಲಿ ವಾಲ್ವ್ ರೇಡಿಯೊ ಕಾಲದಿಂದ ಪಾಠ ಹೇಳಿ, ನಿವೃತ್ತರಾಗಿ, ಯಲಹಂಕದಲ್ಲೇ ಉಳಿದು ಈ ಕಾಲೇಜು ಸೇರಿದ್ದರು. ವರ್ಷ ವರ್ಷಕ್ಕೂ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವಂಥ ಕೆಲಸ. ಪಿಂಚಣಿ ಬರುತ್ತಿದ್ದುದರಿಂದ ಊಟಕ್ಕೆ ತೊಂದರೆಯಿರಲಿಲ್ಲ. ಆದರೆ ಸೀಮೆಸುಣ್ಣ ಹಿಡಿಯದ ದಿನ ಅವರಿಗೆ ಅನ್ನ ರುಚಿಸುತ್ತಿರಲಿಲ್ಲ, ಭಾನುವಾರವೆಂದರೆ ಹೆಂಡತಿ ನೀಲಕ್ಕನಿಗೆ ಹೆದರಿಕೆಯೇ ಆಗುತ್ತಿತ್ತು. ಮಾನ್ಯತೆ ಕೊಡುವ ಸಮಿತಿ ಮುಂದಿನ ತಿಂಗಳು ಬರಲಿತ್ತು. ಅದರ ಮುಂದೆ ಜಯಾಳ ಯಂತ್ರ ಗೆದ್ದರೆ ಮೇಷ್ಟರಿಗೆ ವರ್ಷವೆಲ್ಲ ಭಾನುವಾರ. ರಾಯರು ಬಾಯಿಬಿಟ್ಟು ಹೇಳದಿದ್ದರೂ ಅದು ಇಬ್ಬರಿಗೂ ತಿಳಿದಿತ್ತು.

ಗೆಲ್ಲದಿದ್ದರೆ? ಆಗ ಜಯಾ ಮನೆಗೆ. ಅವಳದ್ದೂ ತಾತ್ಕಾಲಿಕ ಕೆಲಸವೇ. ಜಯಾ ಬೇರೆ ಯಾರೋ ಆಗಿದ್ದರೆ ಮೇಷ್ಟರು ನೆಮ್ಮದಿಯಿಂದ ಅವಳ ಸೋಲು ಬಯಸುತ್ತಿದ್ದರೋ ಏನೋ. ಆದರೆ ಅವಳು ಸರ್ಕಾರಿ ಕಾಲೇಜಿನಲ್ಲಿ ಅವರ ಶಿಷ್ಯೆಯಾಗಿದ್ದವಳು. ಮೇಲಾಗಿ ಅವಳು ಯಂತ್ರಕ್ಕೆ ಬುದ್ಧಿ ತುಂಬಲು ಕೈಯೊಡ್ಡಿ ಬಂದದ್ದು ಅವರ ಬಳಿಗೇ.

"ಯಂತ್ರಕ್ಕೆ ತಾನಾಗಿ ಏನೂ ಗೊತ್ತಿರಲ್ಲ ಸಾರ್. ಚೆನ್ನಾಗಿ ಬಲ್ಲವರ ಹತ್ರ ಕೂತ್ಕೊಂಡು, ಹೀಗಾದ್ರೆ ಹೀಗ್ ಮಾಡು, ಹಾಗಾದ್ರೆ ಹಾಗ್ ಮಾಡು ಅಂತ ಎಲ್ಲಾ ಕೇಳ್ಕೊಂಡು ಅದಕ್ಕೆ ತುಂಬ್ಬೇಕು. ಎಕ್ಸ್‌ಪರ್ಟ್ ಸಿಸ್ಟಮ್ ಅಂತಾರೆ. ನಾನು ನಿಮ್ಮನ್ನೇ ತುಂಬೋಣ ಅಂತ."

"ನನ್ನ ತುಂಬತೀಯಾ? ಚೀಲದಾಗ ಜ್ವಾಳಾ ತುಂಬಿದಂಗ?"

ಬೈದರೂ ಒಳಗೊಳಗೆ ಹಿಗ್ಗಿದರು. ಬೆಂಗಳೂರಿನಲ್ಲಿ ಇಷ್ಟೊಂದು ಜನ ಇರುವಾಗ ತುಂಬಿಡಲು ಯೋಗ್ಯನಾದವನು ತಾನೊಬ್ಬ ಎಂದರೆ ಯಾರಿಗೆ ತಾನೆ ಬೇಡ? ಅಂದಿನಿಂದ ಸಂಜೆ ಹೊತ್ತು ಸ್ಟಾಫ್ ರೂಮಿನಲ್ಲಿ ಜಯಾ ಕೇಳುವುದು, ಮೇಷ್ಟರು ಹೇಳುವುದು ನಡೆಯಿತು.

"ಹುಡುಗ ತಪ್ಪು ಉತ್ತರ ಹೇಳಿದ್ರೆ ಏನ್ ಮಾಡ್ತೀರಿ ಸಾರ್?"

"ಏನು ಮಾಡೂದು? ಬೈಯೂದು."

"ಏನಂತ?"

"ನಿದ್ದಿ ಬಂದೈತೇನೋ, ಹೋಗಿ ಮುಖಾ ತೊಳಕೊಂಡು ಬಾ ಅಂತ."

"ಆಮೇಲೆ?"

"ಸಣ್ಣದೊಂದು ಸುಳಿವು ಕೊಡೂದು. ಮತ್ತ ತಪ್ಪಿದ್ರ ಮತ್ತ ಬೈಯೂದು. ಮೂರನೇ ಸಲಾನೂ ತಪ್ಪಿದ್ರ ನಾನ ಹೇಳಿಬಿಡ್ತೀನಿ. ಗಂಟಿ ಹೊಡೀತಾರಲ್ಲ, ಏನು ಮಾಡ್ತೀ?"

ಜಯಾ ಒಂದನ್ನೂ ಬಿಡದೆ ಯಂತ್ರಕ್ಕೆ ತುಂಬಿದಳು, ಬೈಗುಳ ಸಮೇತ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಳು. ಕೆಲವೇ ದಿನಗಳಲ್ಲಿ ಪರದೆಯ ಮೇಲೆ ಹಸಿರು ಬಣ್ಣದ ಮಹಾಲಿಂಗಪ್ಪನವರು ಮೂಡಿದರು.

ಎಲ್ಲ ಹೇಳಿದರೂ ಮೇಷ್ಟರು ಒಂದನ್ನು ಮಾತ್ರ ಹೇಳಲಿಲ್ಲ. ಮೇಷ್ಟರ ಸೋದರಮಾವ ಊರಿನಲ್ಲಿ ಗರಡಿಮನೆಯ ಉಸ್ತಾದ. ಉಸ್ತಾದನಾದವನು ಶಿಷ್ಯನಿಗೆ ಎಲ್ಲ ಪಟ್ಟು ಕಲಿಸಿದರೂ ಒಂದನ್ನು ತನಗೆ ಉಳಿಸಿಕೊಳ್ಳುತ್ತಾನೆ. ನಾಳೆ ಶಿಷ್ಯನೇ ಮೈಮೇಲೆ ಬಂದರೆ ಬೇಕಲ್ಲ? ಮೇಷ್ಟರ ಬಳಿಯೂ ಅಂಥದೊಂದು ಪಟ್ಟಿತ್ತು. ಪ್ರತಿ ಪಾಠದಲ್ಲೂ ಅವರು ಬೋರ್ಡಿನ ಮೇಲೆ ಬೇಕಂತಲೇ ಒಂದು ತಪ್ಪು ಮಾಡುತ್ತಿದ್ದರು. ಬಹಳ ಗಂಭೀರವಾಗಿ, ಬೆನ್ನು ತಿರುಗಿಸಿ. ಹಿಂದಿನಿಂದ ಯಾರಾದರೂ "ಸಾರ್, ಅದು ತಪ್ಪಲ್ವಾ?" ಎನ್ನುವವರೆಗೆ ಮುಂದುವರಿಸುತ್ತಿದ್ದರು. ಮೇಷ್ಟರ ತಪ್ಪು ಹಿಡಿದ ಹುಡುಗ ಆ ಪಾಠವನ್ನು ಸಾಯುವವರೆಗೆ ಮರೆಯುತ್ತಿರಲಿಲ್ಲ. ತರಗತಿಯೆಲ್ಲ ನಾಳೆ ನಾನು ಹಿಡಿಯಬೇಕು ಎಂದು ಕಣ್ಣು ಬಿಟ್ಟುಕೊಂಡು ಕೂರುತ್ತಿತ್ತು. ಈ ಪಟ್ಟು ಅವರಿಗೆ ಎಲ್ಲಿ ಸಿಕ್ಕಿತು ಎಂಬುದನ್ನು ನೀಲಕ್ಕನಿಗೂ ಹೇಳಿರಲಿಲ್ಲ, ಆದ್ದರಿಂದ ನಾವೂ ಸದ್ಯಕ್ಕೆ ಕೆದಕುವುದು ಬೇಡ. ಇದೊಂದು ಇರುವ ತನಕ ಯಂತ್ರ ನನಗೆ ಮಣ್ಣು ಮುಕ್ಕಿಸಲಾರದು ಎಂಬುದು ಅವರ ಧೈರ್ಯವಾಗಿತ್ತು.

ಯಂತ್ರ ಶುರುವಾಯಿತು. ಕಂಪ್ಯೂಟರ್ ರೂಮಿಗೆ ಚಪ್ಪಲಿ ಬಿಟ್ಟು ಹೋಗಬೇಕು. ಧೂಳು ಕೂಡದು ಎಂದು ಕಂಪನಿಯವರು ಹೇಳಿದ್ದನ್ನು ಹುಡುಗರು ದೇವರ ಮನೆಯ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆಯುಧಪೂಜೆಯಲ್ಲಿ ಮಾನಿಟರಿಗೆ ಹಚ್ಚಿದ ಕುಂಕುಮವನ್ನು ಒರೆಸುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಕಾಲೇಜಿಗೆಲ್ಲ ಏರ್ ಕಂಡೀಷನ್ ಇದ್ದದ್ದು ಅದೊಂದೇ ಕೋಣೆಗೆ. ಬಾಗಿಲ ಹೊರಗೆ ಚಪ್ಪಲಿಯ ರಾಶಿ ನೋಡಿ ರಾಯರಿಗೆ ಹಬ್ಬ. "ನೋಡಿದ್ರಾ ಮೇಷ್ಟ್ರೇ, ನಿಮ್ ಕ್ಲಾಸಿಗೆ ಯಾವತ್ತಾದ್ರೂ ಇಷ್ಟು ಜನ ಬಂದಿದ್ರಾ?"

ಮೇಷ್ಟರು ಇಣುಕಿ ನೋಡಿದರು. ತಣ್ಣನೆಯ ಗಾಳಿಯಲ್ಲಿ ಅರ್ಧ ಕ್ಲಾಸು ಗೋಡೆಗೊರಗಿ ನಿದ್ದೆ ಮಾಡುತ್ತಿತ್ತು. ಯಂತ್ರದ ಮುಂದೆ ಕೂತವನು ಪ್ರಶ್ನೆಯನ್ನು ಓದದೆ ಒಂದು ಕೀಲಿ ಒತ್ತಿದ. ಯಂತ್ರ ಬೈಯಿತು. ಮತ್ತೆ ಒತ್ತಿದ. ಯಂತ್ರ ಸುಳಿವು ಕೊಟ್ಟು ಬೈಯಿತು. ಮತ್ತೊಮ್ಮೆ ಒತ್ತಿದ. ಯಂತ್ರ ಪಾಪ, ಗಂಟೆ ಹೊಡೆಯುತ್ತದೆಯೆಂಬ ಮೇಷ್ಟರ ಆತುರದಲ್ಲೇ, ತಾನೇ ಉತ್ತರ ಹೇಳಿಬಿಟ್ಟಿತು. ಹುಡುಗ ಅದನ್ನು ನೋಟ್ಸಿಗೆ ಇಳಿಸಿಕೊಂಡು ಎದ್ದ. ಮೇಷ್ಟರಿಗೆ ನಗು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ನಗುವಿನ ಪಾಲೇ ಹೆಚ್ಚಿತ್ತು.

ಜಯಾಳಿಗೆ ನಗು ಬರಲಿಲ್ಲ. ಸಮಿತಿಗೆ ಇನ್ನೆರಡು ದಿನ ಇರುವಾಗ ಪರೀಕ್ಷೆ ಇಟ್ಟು ನೋಡಿದಳು. ಯಂತ್ರದಿಂದ ಕಲಿತವರಲ್ಲಿ ಒಬ್ಬನ ತಲೆಯಲ್ಲೂ ಒಂದೂ ನಿಂತಿರಲಿಲ್ಲ. ಅದರ ಮೇಲೆ ರಾಯರಿಗೆ ಹೊಸ ಯೋಚನೆ ಬಂದಿತ್ತು. ಸಮಿತಿಯ ಮುಂದೆ ಯಂತ್ರದಿಂದ ಪಾಠ ಹೇಳಿಸಿಕೊಳ್ಳಲು ಜಾಣನನ್ನು ಕೂರಿಸಿದರೆ ಏನು ಬಂತು? ಎಲ್ಲರಿಗಿಂತ ದಡ್ಡನನ್ನು ಕೂರಿಸಬೇಕು! ಅದಕ್ಕೆ ಕೋಗಿಲು ಹಳ್ಳಿಯ ಮುನಿಯಲ್ಲಪ್ಪನನ್ನು ಆರಿಸಿದ್ದರು. ಮುನಿಯಲ್ಲಪ್ಪ ಕೊನೆಯ ಬೆಂಚಿನ ಕಿಟಕಿ ಪಕ್ಕದವನು, ಇಂಗ್ಲಿಷಿಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡವನು, ಇದೇ ವಿಷಯದಲ್ಲಿ ಹಿಂದಿನ ವರ್ಷ ಫೇಲಾದವನು.

"ತಪ್ಪು ನಂದೇ ಇರ್ಬೇಕು ಸಾರ್," ಎಂದಳು ಜಯಾ ಸ್ಟಾಫ್ ರೂಮಿನಲ್ಲಿ. "ನೀವೆಲ್ಲಾ ಹೇಳ್ಕೊಟ್ರಿ. ನಾನೇ ಎಲ್ಲೋ ಸರಿಯಾಗ್ ಕೇಳಿಸ್ಕೊಂಡಿಲ್ಲ. ನೀವ್ ಪಾಠ ಮಾಡಿದ್ರೆ ಹೀಗಾಗ್ತಿರ್ಲಿಲ್ಲ. ನಿಮ್ ಕ್ಲಾಸಲ್ಲಿ ನಾನು ಒಂದ್ ದಿನಾನೂ ನಿದ್ದೆ ಮಾಡಿಲ್ಲ ಸಾರ್. ಒಂದ್ಸಲ ಬೋರ್ಡ್ ಮೇಲೆ ನಿಮ್ ತಪ್ಪು ತೋರಿಸ್ಬಿಟ್ಟಿದ್ದೆ, ಜ್ಞಾಪಕ ಇದೆಯಾ? ಎಲ್ರೂ ನಕ್ರು. ನಾನು ಮೇಷ್ಟ್ರಾಗ್ಬೇಕು ಅಂತ ಅನ್ಕೊಂಡಿದ್ದು ಅವತ್ತೇ. ನಿಮಗೆ ಅವಮಾನ ಆಯ್ತೇನೋ ಅಂತ ಈಗ್ಲೂ ಒಂಥರಾ ಆಗುತ್ತೆ."

"ಜ್ಞಾಪಕ ಇಲ್ಲವ್ವ," ಎಂದು ಮೇಷ್ಟರು ಕೊಡೆ ಎತ್ತಿಕೊಂಡು ಹೊರಟುಬಿಟ್ಟರು. ಜ್ಞಾಪಕ ಚೆನ್ನಾಗಿಯೇ ಇತ್ತು.

ಆ ದಿನ ಸೋಮವಾರವಾದರೂ ಊಟ ಸೇರಲಿಲ್ಲ. ನೀಲಕ್ಕ ರೊಟ್ಟಿಯ ಬುಟ್ಟಿ ಮುಂದಿಟ್ಟುಕೊಂಡು ಗಂಡನ ಮುಖ ನೋಡಿದರು.

"ಏನ್ರೀ, ಯಾಕ ಊಟಾ ಮಾಡವಲ್ರಿ?"

ಮೇಷ್ಟರು ಎಲ್ಲವನ್ನೂ ಹೇಳಿದರು. ಯಂತ್ರ, ಉಳಿಸಿಕೊಂಡ ಪಟ್ಟು, ಜಯಾ ತನ್ನದೇ ತಪ್ಪು ಅಂದದ್ದು. "ಹೇಳಿಕೊಟ್ರ ಮುಂದಿನ ವರ್ಷ ನಾ ಮನ್ಯಾಗ ಕೂಡ್ತೀನಿ. ಹೇಳಿಕೊಡಲಿಲ್ಲಂದ್ರ ಆ ಹುಡುಗಿ ಮನ್ಯಾಗ ಕೂಡ್ತಾಳ. ಮಾವ ಸುಮ್ನ ಹೇಳಿದ್ನೇನು? ಉಸ್ತಾದ ಒಂದು ಪಟ್ಟು ಇಟ್ಟಗೋಬೇಕು."

"ಇಟ್ಕೊಂಡ್ರಲ್ಲ ನಿಮ್ಮ ಮಾವ," ಎಂದರು ನೀಲಕ್ಕ ರೊಟ್ಟಿ ಮುರಿಯುತ್ತ. "ಇಟ್ಕೊಂಡ ಸತ್ರು. ಈಗ ಆ ಗರಡ್ಯಾಗ ಏನೈತಿ? ಕುರಿ ಕಟ್ತಾರ."

ಮೇಷ್ಟರು ತಟ್ಟೆ ಎಳೆದುಕೊಂಡು ಊಟ ಮಾಡಿದರು.

ಮರುದಿನ ಬೆಳಿಗ್ಗೆ ಜಯಾಳನ್ನು ಕರೆದು ಕೂರಿಸಿದರು. ನೋವು ಕಡಿಮೆಯಾಗಲೆಂದು ಹಲ್ಲು ಕೀಳುವವರು ಮಾಡುವಂತೆ ಒಂದೇ ಏಟಿಗೆ ಹೇಳಿದರು. "ಯಂತ್ರಕ್ಕ ತಪ್ಪು ಮಾಡೂದು ಕಲಸು. ನಾ ನಿಂಗ ಎಲ್ಲಾ ಹೇಳೀನಿ, ಇದೊಂದು ಹೇಳಿದ್ದಿಲ್ಲ. ಕ್ಲಾಸಿನ್ಯಾಗ ನಾ ಬೇಕಂತ ತಪ್ಪು ಮಾಡ್ತೀನಿ. ಹುಡುಗ್ರು ಹಿಡೀಲಿ ಅಂತ. ಮೊದಲ ನಾಕು ಖರೇ ಹೇಳು, ಐದನೇದು ಒಂದು ಸುಳ್ಳ ಹೇಳಿಸು. ಯಾವನೂ ಹಿಡೀಲಿಲ್ಲಂದ್ರ ಕಡೀಗೆ ಯಂತ್ರಾನ ಒಪ್ಪಿಕೊಳ್ಳಲಿ. ಹಿಡದ್ರ ಶಭಾಶ್ ಅನ್ನಿಸು."

ಜಯಾಳ ಮುಖ ಮೊದಲು ಅರಳಿತು. ಆಮೇಲೆ ತಾನು ಹಿಂದೆ ಹಿಡಿದ ತಪ್ಪು ನೆನಪಾಗಿ ಬಿಳಿಚಿಕೊಂಡಿತು. "ಥ್ಯಾಂಕ್ಸ್ ಸಾರ್," ಎಂದಷ್ಟೇ ಹೇಳಿ ಚಪ್ಪಲಿ ಬಿಟ್ಟು ಯಂತ್ರದ ಕೋಣೆಗೆ ಹೋದಳು. ಅವಳ ಮನಸ್ಸಿನಲ್ಲಿ ಏನು ಮುರಿಯಿತೆಂದು ಮೇಷ್ಟರಿಗೆ ಗೊತ್ತಾಯಿತು. ಬಾಯಿ ಬಿಟ್ಟು ಸಮಾಧಾನ ಹೇಳಲು ಆಗಲಿಲ್ಲ, ಯಾಕೆಂದರೆ ಹೇಳಿದರೆ ತಮ್ಮದೇ ಮಾನ ಹೋಗುತ್ತಿತ್ತು.

ಸಮಿತಿ ಬಂತು. ಅಧ್ಯಕ್ಷರು ಪ್ರೊಫೆಸರ್ ಕೃಷ್ಣಯ್ಯ, ಹಿರಿಯರು, ನಿಧಾನಸ್ಥರು. ಬೂಟು ಬಿಡಬೇಕೆಂದಾಗ ಒಂದು ಕ್ಷಣ ತಡವರಿಸಿದರು. ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದು ಎಲ್ಲರಿಗೂ ನಮಸ್ಕಾರ ಹೇಳಿತು. ರಾಯರು ಅದನ್ನು ನೋಡದವರಂತೆ ಸೀಲಿಂಗ್ ನೋಡುತ್ತ ಅವರನ್ನು ಒಳಗೆ ಕರೆದೊಯ್ದರು.

"ಮೊದ್ಲು ನಾನೇ ಕೂತ್ ನೋಡ್ತೀನಿ," ಎಂದು ಅಧ್ಯಕ್ಷರು ಯಂತ್ರದ ಮುಂದೆ ಕೂತು, ಒಂದು ಬೆರಳಿನಿಂದ ತಮ್ಮ ಹೆಸರನ್ನು ಹುಡುಕಿ ಹುಡುಕಿ ಒತ್ತತೊಡಗಿದರು. ಅರ್ಧಕ್ಕೆ ಬರುವಷ್ಟರಲ್ಲಿ, ತಡ ಮಾಡಿದರೂ ಬೈಯಲು ಕಲಿತಿದ್ದ ಯಂತ್ರದ ತಾಳ್ಮೆ ಮುಗಿಯಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದ ಕನ್ನಡ ಮೂಡಿತು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಕೂಡಿಸಿ ಓದಿದರು. "ನಿ... ದ್ದಿ... ಬಂದೈತೇನೋ. ಹೋಗಿ... ಮುಖಾ... ತೊಳಕೊಂಡು... ಬಾ."

ರಾಯರು ಅಷ್ಟು ತಂಪಿನಲ್ಲೂ ಬೆವರಿದರು.

"ಯಾರ್ರೀ ಇದು?" ಎಂದರು ಅಧ್ಯಕ್ಷರು.

"ಮಹಾಲಿಂಗಪ್ಪ ಸಾರು, ಸಾರ್," ಎಂದಳು ಜಯಾ.

ಅಧ್ಯಕ್ಷರು ತಿರುಗಿ ಮೇಷ್ಟರನ್ನು ಮೇಲಿಂದ ಕೆಳಗೆ ನೋಡಿ, ಎದ್ದು ಕುರ್ಚಿ ಬಿಟ್ಟುಕೊಟ್ಟರು. ಮುನಿಯಲ್ಲಪ್ಪ ಬಂದು ಕೂತ. ಹೊಸ ಬಿಳಿ ಷರ್ಟು, ಹಣೆಯಲ್ಲಿ ವಿಭೂತಿ. ಅಂದಿನ ಪಾಠ ಸ್ಟ್ಯಾಕ್. ಅಂದರೆ ಯಂತ್ರ ತನ್ನ ಕೆಲಸದ ನಡುವೆ ನೆನಪಿಡಬೇಕಾದದ್ದನ್ನು ಒಂದರ ಮೇಲೊಂದು ಪೇರಿಸಿಡುವ ಜಾಗ.

ಯಂತ್ರ ಒಂದೊಂದೇ ಮಾತು ಹೇಳುತ್ತ, ಒಪ್ಪುತ್ತೀಯೋ ಇಲ್ಲವೋ ಎಂದು ಕೇಳುತ್ತ ಹೋಯಿತು. ಮುನಿಯಲ್ಲಪ್ಪ ಒಪ್ಪಿಗೆಯ ಕೀಲಿ ಒತ್ತುತ್ತ ಹೋದ. ಐದನೆಯದಕ್ಕೆ ಬಂದು ಯಂತ್ರ ಬಹಳ ಗಂಭೀರವಾಗಿ ಹೇಳಿತು. ಮೊದಲು ಇಟ್ಟದ್ದು ಎಲ್ಲಕ್ಕೂ ಅಡಿಯಲ್ಲಿರುತ್ತದೆ. ತೆಗೆಯುವಾಗ ಮೊದಲು ಹೊರಬರುವುದೂ ಅದೇ. ಒಪ್ಪಿದೆಯಾ?

ಹುಡುಗನ ಬೆರಳು ಒಪ್ಪಿಗೆಯ ಕೀಲಿಯ ಮೇಲೆ ಹೋಯಿತು. ಒತ್ತಿದರೆ ಜಯಾ ಕೆಟ್ಟಳು. ಒತ್ತದಿದ್ದರೆ ನಾನು ಕೆಟ್ಟೆ. ಒತ್ತಬೇಡವೋ ಮಗನೇ ಎಂದು ತಾವು ಮನಸ್ಸಿನಲ್ಲಿ ಕೂಗುತ್ತಿರುವುದು ಕಂಡು ಮೇಷ್ಟರಿಗೇ ಆಶ್ಚರ್ಯವಾಯಿತು.

ಬೆರಳು ನಿಂತಿತು.

"ಸಾ," ಎಂದ ಮುನಿಯಲ್ಲಪ್ಪ. ಆ ಕಾಲೇಜಿನಲ್ಲಿ ಅವನ ದನಿಯನ್ನು ಅಷ್ಟು ಜನ ಒಟ್ಟಿಗೆ ಕೇಳಿದ್ದು ಅದೇ ಮೊದಲು. "ಇದು ಸುಳ್ಳು ಸಾ."

"ಸುಮ್ನಿರೋ!" ರಾಯರು ಹೌಹಾರಿದರು. "ಕಂಪ್ಯೂಟರ್ ಎಲ್ಲಾದ್ರೂ ಸುಳ್ಳು ಹೇಳುತ್ತೇನೋ? ಒತ್ತೋ!"

"ಇಲ್ಲ ಸಾ. ಇಂಗೆ ಆಗಾಕಿಲ್ಲ." ಮುನಿಯಲ್ಲಪ್ಪ ಎದ್ದು ನಿಂತೇಬಿಟ್ಟ. "ನಾವು ಆಲೂಗಡ್ಡೆ ಮೂಟೆ ಲಾರಿಗೆ ತುಂಬ್ಕಂಡು ಯಶವಂತಪುರದ ಮಾರ್ಕೆಟ್ ಯಾರ್ಡಿಗೆ ತಕ್ಕೊಂಡೋಯ್ತೀವಿ. ಕೊನೇಗೆ ಇಟ್ಟಿದ್ದು ಮ್ಯಾಲಿರ್ತದೆ, ಅದ್ನೇ ಮೊದ್ಲು ಇಳ್ಸಬೇಕು. ಅಡಿ ಮೂಟೆ ಮೊದ್ಲು ಎಳುದ್ರೆ ಮ್ಯಾಗಿಂದೆಲ್ಲ ಮೈಮ್ಯಾಲೆ ಬತ್ತದೆ ಸಾ! ನಮ್ಮಜ್ಜಿ ಮುನಿಕೆಂಪಮ್ಮಂಗೆ ಗೊತ್ತು, ಈ ಮಿಸಿನ್ನಿಗೆ ಗೊತ್ತಿಲ್ವಾ?"

ಹೇಳುತ್ತಲೇ ಒಪ್ಪಿಲ್ಲ ಎಂಬ ಕೀಲಿಯನ್ನು ಎಷ್ಟು ಜೋರಾಗಿ ಕುಕ್ಕಿದನೆಂದರೆ ಮಾನಿಟರಿನ ಮೇಲಿದ್ದ ಹಳೆಯ ಕುಂಕುಮ ಉದುರಿತು. ಯಂತ್ರ ಬೈಯಲಿಲ್ಲ. ಅಧ್ಯಕ್ಷರೇ ಬಗ್ಗಿ ಓದಿದರು. "ಶಭಾಶ್. ತಪ್ಪು ನಂದು. ಈಗ ನೀನ ಮಾಸ್ತರ, ನಾ ಹುಡುಗ."

ಹೊರಗಿನಿಂದ ಇಣುಕುತ್ತಿದ್ದ ಹುಡುಗರು ಶಿಳ್ಳೆ ಹೊಡೆದರು. ಅಧ್ಯಕ್ಷರು ಮುನಿಯಲ್ಲಪ್ಪನ ಕಡೆ ತಿರುಗಿದರು. "ಸರಿ ಮೇಷ್ಟ್ರೇ, ನನಗೊಂದು ಹೇಳಿ. ಯಂತ್ರ ಒಂದ್ ಕೆಲಸದ ಮಧ್ಯೆ ಇನ್ನೊಂದಕ್ಕೆ ಹೋಗುತ್ತೆ. ಅದರ ಮಧ್ಯೆ ಮತ್ತೊಂದಕ್ಕೆ. ವಾಪಸ್ ಬರೋವಾಗ ದಾರಿ ಹೇಗ್ ಗೊತ್ತಾಗುತ್ತೆ?"

"ಓಗೋವಾಗ ದಾರಿ ಬರ್ದು ಮೂಟೇಲಿ ಇಟ್ಟಿರ್ತದಲ್ಲ ಸಾ. ಮ್ಯಾಗಲ ಮೂಟೆ ಬಿಚ್ಚುದ್ರಾಯ್ತು."

ಅಧ್ಯಕ್ಷರು ಬಹಳ ಹೊತ್ತು ನಕ್ಕರು. ಆಮೇಲೆ ಜಯಾಳಿಂದ ಆ ತಪ್ಪಿನ ಹಿಂದಿನ ಗುಟ್ಟು ಕೇಳಿ ತಿಳಿದುಕೊಂಡರು. "ಯಂತ್ರ ಬಹಳ ಚೆನ್ನಾಗಿದೆ ರಾಯರೇ. ಈ ಹುಡುಗೀನ ಮಾತ್ರ ಬಿಡ್ಬೇಡಿ. ಆದ್ರೆ ಒಂದ್ ಮಾತು. ಬೇಕಂತ ತಪ್ಪು ಹೇಳೋ ಯಂತ್ರದ ಜೊತೆ ಹುಡುಗ್ರನ್ನ ಒಂಟಿಯಾಗಿ ಬಿಡೋಕಾಗಲ್ಲ. ಹಿಡೀದೆ ಎದ್ದೋದ್ರೆ ತಪ್ಪೇ ತಲೇಲಿ ಉಳ್ಕೊಳ್ಳುತ್ತೆ. ಪಕ್ಕದಲ್ಲಿ ಒಬ್ಬ ಮೇಷ್ಟ್ರು ಇರ್ಲೇಬೇಕು. ಯಾರಿದ್ದಾರೆ?"

"ಇದ್ದಾರಲ್ಲ ಸಾರ್!" ರಾಯರು ಮೇಷ್ಟರ ಭುಜ ಹಿಡಿದು ಮುಂದಕ್ಕೆ ತಳ್ಳಿದರು. "ನಮ್ಮ ಮಹಾಲಿಂಗಪ್ಪನೋರು! ಇವರಿಲ್ದೆ ಯಂತ್ರ ಇಡೋದುಂಟೇ? ಮುಂದಿನ ವರ್ಷಕ್ಕೆ ಅಂತ ಯಾವತ್ತೋ ತೀರ್ಮಾನ ಮಾಡಿದ್ದೀವಿ."

ಯಾವತ್ತು ಎಂದು ಮೇಷ್ಟರು ಕೇಳಲಿಲ್ಲ. ಕೊಟ್ಟು ಕಳೆದುಕೊಂಡೆ ಎಂದುಕೊಂಡ ಪಟ್ಟು ತಿರುಗಿ ಬಂದು ತಮ್ಮನ್ನೇ ಎತ್ತಿ ನಿಲ್ಲಿಸಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ಯಂತ್ರದ ಕೋಣೆಯ ಹೊರಗೆ ಎರಡೇ ಜೊತೆ ಚಪ್ಪಲಿ ಉಳಿದಿದ್ದವು. ಮೇಷ್ಟರು ತಮ್ಮದನ್ನು ಮೆಟ್ಟುತ್ತಿರುವಾಗ ಜಯಾ ಬಾಗಿಲಿಗೆ ಬೀಗ ಹಾಕಿದಳು. ಬೀಗ ಹಾಕಿ ಮುಗಿದ ಮೇಲೂ ಅದನ್ನು ಎಳೆದು ನೋಡುತ್ತಲೇ ನಿಂತಳು.

"ಸಾರ್, ಒಂದ್ ಮಾತು ಕೇಳ್ಲಾ? ಸರ್ಕಾರಿ ಕಾಲೇಜಲ್ಲಿ, ನಾನು ನಿಮ್ ತಪ್ಪು ಹಿಡಿದಿದ್ನಲ್ಲ. ಅದೂ ಬೇಕಂತ್ಲೇ ಮಾಡಿದ್ದಾ?"

ಹೌದು ಅಂದರೆ ಮೇಷ್ಟರ ಮಾನ ಉಳಿಯುತ್ತಿತ್ತು. ಅವರು ದ್ರಾಕ್ಷಿ ತೋಟದ ಕಡೆ ನೋಡಿದರು, ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

"ಇಲ್ಲವ್ವ. ಅದು ಖರೇನ ತಪ್ಪು. ನಂಗ ಗೊತ್ತಿದ್ದಿಲ್ಲ. ಅವತ್ತು ಮನಿಗೆ ಹೋಗಿ ಉಂಡಿಲ್ಲ ನಾನು. ಮುಂದಿನ ವಾರ ನೋಡ್ತೀನಿ, ಮತ್ತ ಎಲ್ಲಿ ತಪ್ಪತೀನೋ ಅಂತ ಇಡೀ ಕ್ಲಾಸು ಕಣ್ಣ ಪಿಳುಕಿಸದ ಕೂತಿತ್ತು. ಈ ಪಟ್ಟು ನಂಗ ಕಲಿಸಿದಾಕಿ ನೀನ."

ಜಯಾ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಮೇಷ್ಟರು ನಿಂತು, ಹಿಂದೆ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಇದನ್ನೊಂದು ಯಂತ್ರಕ್ಕ ಹೇಳಬ್ಯಾಡ."